ಬೈಬಲ್ ಓದಲು ಎಲ್ಲಿಂದ ಶುರು ಮಾಡಬೇಕು? ನಾಲ್ಕು ದಾರಿ, ಮೂರು ಅನುವಾದಗಳ ಹೋಲಿಕೆ

ಬೈಬಲ್ ಓದಲು ಶುರು ಮಾಡಿ ಕೈಬಿಟ್ಟವರನ್ನು ಎಲ್ಲಿ ನಿಂತಿತು ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ ಬರುತ್ತದೆ: ಎರಡನೇ ಪುಸ್ತಕವಾದ ವಿಮೋಚನಕಾಂಡದ 25ನೇ ಅಧ್ಯಾಯ ದಾಟುವಾಗ, ಇಲ್ಲವೇ ಮೂರನೇ ಪುಸ್ತಕವಾದ ಯಾಜಕಕಾಂಡದ ಮೊದಲ ಪುಟಗಳಲ್ಲಿ. ಬಹಳ ಮಂದಿ ಇದನ್ನು ತಮ್ಮ ಭಕ್ತಿಯ ಕೊರತೆ ಎಂದುಕೊಂಡು ಸುಮ್ಮನಾಗುತ್ತಾರೆ. ಹಾಗೆ ಅಂದುಕೊಳ್ಳಬೇಕಾಗಿಲ್ಲ. ಹೊಕ್ಕ ಬಾಗಿಲು ಸರಿಯಿರಲಿಲ್ಲ, ಅಷ್ಟೆ. ಹೊಸಬರು ಸಾಮಾನ್ಯವಾಗಿ ಹಿಡಿಯುವ ನಾಲ್ಕು ದಾರಿಗಳನ್ನೂ ಕನ್ನಡದಲ್ಲಿ ಸುಲಭವಾಗಿ ಸಿಗುವ ಮೂರು ಅನುವಾದಗಳನ್ನೂ ಓದಿ, ಒಂದರ ಪಕ್ಕ ಒಂದಿಟ್ಟು ನೋಡಿದ ಮೇಲೆ ಕಂಡದ್ದು ಇಲ್ಲಿದೆ.

ಮೊದಲ ಪುಟದಿಂದ ಕೊನೆಯ ಪುಟಕ್ಕೆ

ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕ, 1,189 ಅಧ್ಯಾಯ. ಕಥೋಲಿಕರದ್ದರಲ್ಲಿ ತೊಬೀತ, ಯೂದಿತ, ಮಕ್ಕಬಿಯರು ಮುಂತಾದವು ಸೇರಿ 73 ಪುಸ್ತಕ. ವರ್ಷದೊಳಗೆ ಮುಗಿಸಬೇಕೆಂದು 1,189ನ್ನು 365ರಿಂದ ಭಾಗಿಸಿದರೆ ದಿನಕ್ಕೆ ಮೂರು ಕಾಲು ಅಧ್ಯಾಯ ಬೀಳುತ್ತದೆ. ಜನವರಿ 1ಕ್ಕೆ ಆದಿಕಾಂಡ ಹಿಡಿದವರು ತಿಂಗಳು ಮುಗಿಯುವ ಮೊದಲೇ, 28ರ ಹೊತ್ತಿಗೆ, ಯಾಜಕಕಾಂಡಕ್ಕೆ ಬಂದಿರುತ್ತಾರೆ. ಹಳೆಯ ಒಡಂಬಡಿಕೆಯ, ಅಂದರೆ ಯೇಸುವಿಗೂ ಹಿಂದಿನ ಭಾಗದ, 929 ಅಧ್ಯಾಯ ಮುಗಿದು ಯೇಸುವಿನ ಕಥೆ ಹೇಳುವ ಮತ್ತಾಯನ ಸುವಾರ್ತೆ ತೆರೆಯುವುದು ಅಕ್ಟೋಬರ್ ಎರಡನೇ ವಾರದಲ್ಲಿ. ಯೇಸು ಯಾರು ಎಂದು ತಿಳಿಯಲು ಪುಸ್ತಕ ಕೈಗೆತ್ತಿಕೊಂಡವರು ಒಂಬತ್ತು ತಿಂಗಳಿಗೂ ಮೇಲೆ ಕಾಯಬೇಕಾಗುತ್ತದೆ.

ಆದಿಕಾಂಡದ 50 ಅಧ್ಯಾಯಗಳೂ ವಿಮೋಚನಕಾಂಡದ ಮೊದಲ 20 ಅಧ್ಯಾಯಗಳೂ ಕಥೆಯಾಗಿಯೇ ಸಾಗುತ್ತವೆ. ತೊಡಕು ಆಮೇಲೆ. 25ರಿಂದ 31ರವರೆಗೆ ದೇವದರ್ಶನದ ಗುಡಾರಕ್ಕೆ, ಅಂದರೆ ಆರಾಧನೆಯ ಡೇರೆಗೆ, ಎಷ್ಟು ಮೊಳ ಬಟ್ಟೆ, ಎಷ್ಟು ಬಳೆ, ಎಷ್ಟು ಕೊಂಡಿ ಎಂಬ ಅಳತೆ. 35ರಿಂದ 40ರವರೆಗೆ ಅದನ್ನೇ ಮಾಡಿ ಮುಗಿಸಿದ ವಿವರ. ಅದರ ಬೆನ್ನಿಗೆ ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳಲ್ಲಿ ಸರ್ವಾಂಗಹೋಮದಿಂದ ಹಿಡಿದು ಐದು ಬಗೆಯ ಅರ್ಪಣೆಗಳ ವಿಧಿ. ಇವು ಬೇಡದ ಪುಟಗಳೆಂದು ಹೇಳುತ್ತಿಲ್ಲ. ಯಾವ ಪ್ರಶ್ನೆಗೆ ಇವು ಉತ್ತರ ಎಂಬುದು ಹೊಸಬರಿಗೆ ಇನ್ನೂ ಹುಟ್ಟಿಲ್ಲ, ಅದೇ ತೊಂದರೆ.

ವರ್ಷದ ಪಟ್ಟಿ

ನಾಲ್ಕು ಕಡೆಯಿಂದ ದಿನಕ್ಕೊಂದೊಂದು ಅಧ್ಯಾಯ ಓದಿಸುವ ಪಟ್ಟಿಗಳು ಈ ಬೇಸರ ತಪ್ಪಿಸಲೆಂದೇ ಬಂದವು. ಅವುಗಳಲ್ಲಿ ಹೆಸರಾದದ್ದು ಸ್ಕಾಟ್ಲೆಂಡಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಗಾಗಿ ಮಾಡಿದ್ದು. ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಆಗುತ್ತವೆ. ಒಂದು ಸಲ ಬೈಬಲ್ ಪೂರ್ತಿ ಓದಿದವರಿಗೆ ಇದು ನಿಜಕ್ಕೂ ಒಳ್ಳೆಯದು. ಹೊಸಬರಿಗೆ ಮಾತ್ರ ನಾಲ್ಕು ಕಥೆಗಳನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವುದೇ ಕೆಲಸವಾಗುತ್ತದೆ. ಮೂರು ದಿನ ಜ್ವರ ಬಂದು ಮಲಗಿದರೆ ಹನ್ನೆರಡು ಅಧ್ಯಾಯ ಬಾಕಿ. ಬಾಕಿ ತೀರಿಸುವ ಭರದಲ್ಲಿ ಕಣ್ಣು ಓಡುತ್ತದೆ, ಏನೂ ಒಳಗಿಳಿಯುವುದಿಲ್ಲ. ಪಟ್ಟಿಯನ್ನೇ ಹಿಡಿಯುವುದಾದರೆ ತಾರೀಖುಗಳನ್ನು ಹೊಡೆದುಹಾಕಿ, ಓದಿದ ಅಧ್ಯಾಯಕ್ಕೆ ಟಿಕ್ ಹಾಕಿಕೊಳ್ಳಿ. ಆಗ ಬಾಕಿ ಎಂಬುದೇ ಇರುವುದಿಲ್ಲ.

ಚರ್ಚಿನ ವಾಚನಗಳ ಜೊತೆ

ಕಥೋಲಿಕರ ಭಾನುವಾರದ ಬಲಿಪೂಜೆಯಲ್ಲಿ ಓದುವ ಬೈಬಲ್ ಭಾಗಗಳಿಗೆ ಮೂರು ವರ್ಷದ ಸುತ್ತು ಇದೆ. ಮೊದಲ ವರ್ಷ ಮುಖ್ಯವಾಗಿ ಮತ್ತಾಯ, ಎರಡನೆಯದು ಮಾರ್ಕ, ಮೂರನೆಯದು ಲೂಕ. ಯೊವಾನ್ನನ (ಪ್ರೊಟೆಸ್ಟೆಂಟರ ‘ಯೋಹಾನ’) ಭಾಗಗಳು ಪಾಸ್ಕ (ಈಸ್ಟರ್) ಕಾಲದಲ್ಲೂ ಮಾರ್ಕನ ವರ್ಷದ ಕೆಲವು ವಾರಗಳಲ್ಲೂ ಬರುತ್ತವೆ. ಇದರ ದೊಡ್ಡ ಲಾಭವೆಂದರೆ ಓದಿದ್ದನ್ನು ಆ ವಾರವೇ ಗುರುಗಳು ಬಿಡಿಸಿ ಹೇಳುತ್ತಾರೆ. ಶನಿವಾರ ಸಂಜೆ ಮನೆಯಲ್ಲಿ ಓದಿಕೊಂಡು ಹೋದರೆ ಪ್ರಬೋಧನೆ ಬೇರೆಯೇ ಕೇಳಿಸುತ್ತದೆ.

ಕೊರತೆ, ತುಂಡು ತುಂಡಾಗಿ ಸಿಗುವುದು. ಮಾರ್ಕ 5:21–43, ಅಂದರೆ 5ನೇ ಅಧ್ಯಾಯದ 21ರಿಂದ 43ನೇ ವಚನ, ನೋಡಿ. ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಯೇಸು ಆ ಮನೆಗೆ ಹೊರಟಿದ್ದಾರೆ. ದಾರಿಯಲ್ಲಿ ಹನ್ನೆರಡು ವರ್ಷದಿಂದ ರಕ್ತಸ್ರಾವವಿದ್ದ ಹೆಂಗಸು ಹಿಂದಿನಿಂದ ಬಂದು ಅವರ ಉಡುಪನ್ನು ಮುಟ್ಟುತ್ತಾಳೆ. ಆ ಹುಡುಗಿಯ ವಯಸ್ಸೂ ಹನ್ನೆರಡು. ಒಂದು ಕಥೆಯ ಹೊಟ್ಟೆಯೊಳಗೆ ಇನ್ನೊಂದನ್ನು ಇಟ್ಟು, ಎರಡನ್ನೂ ಒಟ್ಟಿಗೆ ಓದಿಸುವುದು ಮಾರ್ಕನ ಕಟ್ಟುವಿಕೆ. ಆದರೆ ಈ ವಾಚನಕ್ಕೆ ಇರುವ ಚಿಕ್ಕ ರೂಪದಲ್ಲಿ ಆ ಹೆಂಗಸಿನ ಭಾಗವನ್ನೇ ಬಿಡಲು ಅವಕಾಶವಿದೆ. ಅದನ್ನಷ್ಟೇ ಕೇಳಿದವರಿಗೆ ಮಾರ್ಕ ಏನು ಮಾಡಿದ್ದಾನೆಂದು ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ಈ ದಾರಿಗೆ ಒಂದು ನಿಯಮ ಸೇರಿಸಿ: ವಾಚನದ ಹಿಂದಿನ ಅಧ್ಯಾಯವನ್ನೂ ಮುಂದಿನ ಅಧ್ಯಾಯವನ್ನೂ ಮನೆಯಲ್ಲಿ ಓದಿ.

ಮಾರ್ಕನಿಂದ ಶುರು

ನಮ್ಮ ಆಯ್ಕೆ ಇದು, ಹಿಂಜರಿಕೆಯಿಲ್ಲದೆ. ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, 16 ಅಧ್ಯಾಯ. ಗಟ್ಟಿಯಾಗಿ ಓದಿದರೆ ಒಂದೂವರೆಯಿಂದ ಎರಡು ಗಂಟೆ. ಚಿಕ್ಕದು ಎಂಬುದಕ್ಕಿಂತ ದೊಡ್ಡ ಕಾರಣ ಬೇರೆ. ಯೆಹೂದ್ಯರ ಪದ್ಧತಿ ಗೊತ್ತಿಲ್ಲದ ಓದುಗರನ್ನು ಮಾರ್ಕ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ. 7:3–4ರಲ್ಲಿ ಕೈತೊಳೆಯುವ ಆಚಾರವನ್ನು ತಾನೇ ನಿಂತು ವಿವರಿಸುತ್ತಾನೆ. ಯೇಸು ಆಡಿದ ಅರಮಾಯಿಕ್ ಮಾತುಗಳನ್ನು ಹಾಗೇ ಕೊಟ್ಟು ಅರ್ಥವನ್ನೂ ಹೇಳುತ್ತಾನೆ: 5:41, 7:34, 15:34. ಮತ್ತಾಯ ಶುರುವಾಗುವುದು ಅಬ್ರಹಾಮನಿಂದ ಬಂದ ವಂಶಾವಳಿಯಿಂದ, ಹದಿನಾಲ್ಕು ತಲೆಮಾರಿನಂತೆ ಮೂರು ಕಂತು. ಆ ಹೆಸರುಗಳ ಪರಿಚಯ ಇರುವವರಿಗೆ ಅದು ರೋಮಾಂಚನ, ಇಲ್ಲದವರಿಗೆ ಹೆಸರಿನ ಪಟ್ಟಿ.

ಸಭೆಗಳಲ್ಲಿ ಯೋಹಾನನಿಂದ ಶುರು ಮಾಡಿ ಎನ್ನುವವರು ಬಹಳ. ಯೋಹಾನನ ಪದಗಳು ಸುಲಭ, ವಿಚಾರ ಆಳ. ಮೊದಲ ಸಾಲಿನಲ್ಲೇ ಬರುವ ‘ವಾಕ್ಯ’ ಎಂಬ ಪದವನ್ನು ಕನ್ನಡದ ಹೊಸ ಓದುಗರು ವ್ಯಾಕರಣದ ವಾಕ್ಯವೆಂದೇ ತಿಳಿಯುತ್ತಾರೆ. ಗ್ರೀಕಿನ ‘ಲೋಗೊಸ್’ಗೆ ಅದು ಅನುವಾದ, ದೇವರ ನುಡಿ, ಅದರ ಹಿಂದಿನ ಚಿಂತನೆ ಎರಡನ್ನೂ ಹೊತ್ತ ಪದ. ಅಷ್ಟನ್ನು ಮೊದಲ ದಿನವೇ ಹೊರಿಸುವುದಕ್ಕಿಂತ ಯೋಹಾನನನ್ನು ಇನ್ನೊಂದು ಸುವಾರ್ತೆಯ ನಂತರ ಇಟ್ಟುಕೊಳ್ಳುವುದು ಲೇಸು.

ಓದುವ ಕ್ರಮ ಹೀಗಿರಲಿ. ಮೊದಲ ಸಲ ಎರಡು ಅಥವಾ ನಾಲ್ಕು ಕೂತಿನಲ್ಲಿ ಪೂರ್ತಿ ಮುಗಿಸಿ, ಎಲ್ಲೂ ಅರ್ಥ ಹುಡುಕಲು ನಿಲ್ಲಬೇಡಿ. ಕೈಯಲ್ಲಿ ಪೆನ್ಸಿಲ್ ಇರಲಿ. ಬೈಬಲಿನ ತೆಳು ಕಾಗದದಲ್ಲಿ ಪೆನ್ನಿನ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ. ತಿಳಿಯದ ಕಡೆ ಅಂಚಿನಲ್ಲಿ ಪ್ರಶ್ನೆಯ ಗುರುತು, ಊರಿನ ಹೆಸರಿಗೆ ಚೌಕ. ಚೌಕಗಳನ್ನೇ ಹಿಂಬಾಲಿಸಿದರೆ ಪುಸ್ತಕದ ನಕ್ಷೆ ಸಿಗುತ್ತದೆ: 1ರಿಂದ 9 ಗಲಿಲಾಯ ಮತ್ತು ಸುತ್ತಮುತ್ತ, 10 ದಾರಿ, 11ರಿಂದ 16 ಜೆರುಸಲೇಮ್. ಹದಿನಾರರಲ್ಲಿ ಆರು ಅಧ್ಯಾಯ ಕೊನೆಯ ಒಂದೇ ವಾರಕ್ಕೆ ಮೀಸಲು. ಮಾರ್ಕನಿಗೆ ಯಾವುದು ಮುಖ್ಯ ಎಂದು ಈ ಲೆಕ್ಕವೇ ಹೇಳುತ್ತದೆ.

ಎರಡನೇ ಸಲ ದಿನಕ್ಕೆ ಒಂದೇ ಅಧ್ಯಾಯ, ಅಡಿಟಿಪ್ಪಣಿ ಸೂಚಿಸುವ ಹಿಂದಿನ ಪುಸ್ತಕಗಳನ್ನು ತೆರೆದು. ಯಾಜಕಕಾಂಡಕ್ಕೆ ಈಗ ಬನ್ನಿ. ಮಾರ್ಕ 5ರ ಆ ಹೆಂಗಸು ಯಾಕೆ ಹಿಂದಿನಿಂದ ಬಂದಳು, ಯಾಕೆ ನಡುಗಿದಳು? ಯಾಜಕಕಾಂಡ 15:25–27 ಓದಿ. ಸ್ರಾವವಿದ್ದಷ್ಟು ದಿನವೂ ಅವಳು ಅಶುದ್ಧಳು, ಅವಳ ಹಾಸಿಗೆ ಮುಟ್ಟಿದವರೂ ಅಶುದ್ಧರು. ಹನ್ನೆರಡು ವರ್ಷ ಮೈಲಿಗೆಯವಳಾಗಿ ಬದುಕಿದವಳು ಜನಜಂಗುಳಿಯ ನಡುವೆ ನುಗ್ಗಿ ಕೈಚಾಚಿದ್ದಾಳೆ. ಮುಟ್ಟು-ಮೈಲಿಗೆಯ ಕಟ್ಟುಪಾಡು ಕಂಡ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನವರಿಯಲ್ಲಿ ಬೇಸರ ತಂದ ಅದೇ ವಿಧಿ ಇಲ್ಲಿ ಅವಳ ಎದೆಬಡಿತವನ್ನು ಕೇಳಿಸುತ್ತದೆ.

16:8ರಲ್ಲಿ ಗೊಂದಲವಾಗಬಹುದು. ಅತಿ ಹಳೆಯ ಹಸ್ತಪ್ರತಿಗಳಲ್ಲಿ 9ರಿಂದ 20ರವರೆಗಿನ ವಚನಗಳಿಲ್ಲ. ಅದಕ್ಕೇ ಹಲವು ಮುದ್ರಣಗಳು ಅವನ್ನು ಕಂಸದಲ್ಲಿಟ್ಟು ಟಿಪ್ಪಣಿ ಹಾಕುತ್ತವೆ. ಅಚ್ಚಿನ ತಪ್ಪೆಂದು ಗಾಬರಿಯಾಗಬೇಡಿ.

ಯಾವ ಕನ್ನಡ?

ಬೈಬಲ್ ಸೊಸೈಟಿಯ ಹಳೆಯ ಶೈಲಿಯ ‘ಸತ್ಯವೇದವು’ ಜೆ.ವಿ., ಅದೇ ಸಂಸ್ಥೆಯ ಆಡುಭಾಷೆಗೆ ಹತ್ತಿರದ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್), ಮತ್ತು ‘ಪರಿಶುದ್ದ ಬೈಬಲ್’ ಎಂಬ ಸರಳ ಓದಿನ ಅನುವಾದ ಈ ಮೂರನ್ನು ಹೋಲಿಸಿದ್ದೇವೆ. ಮೂರೂ ಯೂವರ್ಷನ್ ಆಪ್‌ನಲ್ಲಿ ಉಚಿತ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಕಿವಿಗೆ ಬೀಳುವುದು, ಬಾಯಿಪಾಠವಾಗುವುದು ಹೆಚ್ಚಾಗಿ ಜೆ.ವಿ. ಗಾಂಭೀರ್ಯ, ಲಯ ಎರಡರಲ್ಲೂ ಅದನ್ನು ಮೀರಿಸುವುದು ಇನ್ನೊಂದಿಲ್ಲ. ತೊಡಕು ಹಳೆಯ ಕ್ರಿಯಾಪದಗಳದ್ದು. 23ನೇ ಕೀರ್ತನೆಯ ಮೊದಲ ವಚನ ‘ಕೊರತೆಪಡೆನು’ ಎಂದು ಮುಗಿಯುತ್ತದೆ. ‘ಪಡೆನು’ ಎಂದರೆ ಪಡುವುದಿಲ್ಲ. ಈ ನಿಷೇಧ ರೂಪ ಇಂದಿನ ಮಾತಿನಿಂದ ಮರೆಯಾಗಿರುವುದರಿಂದ ಅದನ್ನು ‘ಪಡೆದೆನು’ ಎಂದು ಓದಿಕೊಂಡು ಕೀರ್ತನೆಯ ಅರ್ಥವನ್ನೇ ತಲೆಕೆಳಗು ಮಾಡಿಕೊಳ್ಳುವುದು ಸುಲಭ. ‘ಅರಿಯೆನು’, ‘ಅರಿಯರು’, ‘ಬಾರದು’ ಇವೂ ಅದೇ ಜಾತಿ. ಕೊನೆಯಲ್ಲಿ ‘ಇಲ್ಲ’ ಸೇರಿಸಿಕೊಂಡು ಓದಿ.

ಜೆ.ವಿ.ಯಲ್ಲಿ ಯೇಸು ‘ಅಂದನು’, ಸಿ.ಎಲ್.ನಲ್ಲಿ ‘ಎಂದರು’. ಏಕವಚನ ಕಂಡು ಕೆಲವರಿಗೆ ಕಸಿವಿಸಿಯಾಗುತ್ತದೆ. ರಾಮ ಕಾಡಿಗೆ ಹೋದ, ಶಿವ ಕಣ್ಣು ತೆರೆದ ಎನ್ನುವ ಭಾಷೆ ನಮ್ಮದು. ದೇವರಿಗೆ ಏಕವಚನ ಕನ್ನಡದಲ್ಲಿ ಸಲಿಗೆಯ ಗೌರವ.

ಸಿ.ಎಲ್. ಕಥೋಲಿಕರಿಗೆ ಪರಿಚಿತ. ಪದಗಳು ಬೇರೆ ಎಂಬುದನ್ನು ಮೊದಲೇ ತಿಳಿದಿರಬೇಕು, ಇಲ್ಲವಾದರೆ ಎರಡು ಬೇರೆ ಪುಸ್ತಕಗಳೆಂದೇ ಅನಿಸುತ್ತದೆ: ಯೆಹೋವ–ಸರ್ವೇಶ್ವರ, ಯೋಹಾನ–ಯೊವಾನ್ನ, ಸುವಾರ್ತೆ–ಶುಭಸಂದೇಶ, ಅಪೊಸ್ತಲ–ಪ್ರೇಷಿತ, ನಂಬಿಕೆ–ವಿಶ್ವಾಸ, ದೀಕ್ಷಾಸ್ನಾನ–ಸ್ನಾನದೀಕ್ಷೆ. ಈ ಆರು ಜೋಡಿಗಳನ್ನು ಒಂದು ಚೀಟಿಯಲ್ಲಿ ಬರೆದು ಪುಟಗಳ ನಡುವೆ ಇಟ್ಟುಕೊಳ್ಳಿ. ಸರಳ ಅನುವಾದದಲ್ಲಿ ವಾಕ್ಯಗಳು ಚಿಕ್ಕವು, ಮಕ್ಕಳೂ ಹಿಡಿಯಬಹುದು. ಆದರೆ ಕೀರ್ತನೆಗಳನ್ನು ಅದರಲ್ಲಿ ಓದಿದರೆ ಹಾಡು ಹೋಗಿ ಸುದ್ದಿ ಉಳಿದಂತಾಗುತ್ತದೆ. ಮಾರ್ಕನ ಮೊದಲ ಓದಿಗೆ ಸಿ.ಎಲ್. ಅಥವಾ ಸರಳ ಅನುವಾದ, ಎರಡನೆಯದಕ್ಕೂ ಕೀರ್ತನೆಗಳಿಗೂ ಜೆ.ವಿ. ಎಂಬುದು ನಮ್ಮ ತೀರ್ಮಾನ.

ಮೂರಕ್ಕೂ ಸಲ್ಲುವ ಒಂದು ಎಚ್ಚರ: ಹೆಸರುಗಳು. ಇಸಾಕನ ಮಗನೂ ಯಾಕೋಬ, ಜೆಬೆದಾಯನ ಮಗನೂ ಯಾಕೋಬ. ಹೆರೋದ ಎಂಬ ಹೆಸರಿನವರು ಒಬ್ಬರಲ್ಲ. ಮಗು ಯೇಸುವನ್ನು ಕೊಲ್ಲಲು ಹುಡುಕಿದವನು ತಂದೆ, ಸ್ನಾನಿಕ ಯೋಹಾನನ ತಲೆ ಕಡಿಸಿದವನು ಮಗ.

ಆಪ್ ಮತ್ತು ಪುಸ್ತಕ

ದಿನಕ್ಕೊಂದು ವಚನ ಮೊಬೈಲಿಗೆ ಬರುವುದನ್ನೇ ಬೈಬಲ್ ಓದು ಎಂದುಕೊಂಡರೆ ಎಡವುತ್ತೇವೆ. ಯೆರೆಮೀಯ 29:11 ಇಂಥ ಸಂದೇಶಗಳಲ್ಲಿ ಪದೇ ಪದೇ ಬರುವ ವಚನ, ಒಳ್ಳೆಯ ಭವಿಷ್ಯದ ಭರವಸೆ. ಒಂದು ವಚನ ಹಿಂದೆ ಹೋದರೆ ಆ ಭರವಸೆ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಬರೆದ ಪತ್ರದಲ್ಲಿದೆ, ಎಪ್ಪತ್ತು ವರ್ಷ ಕಾಯಬೇಕೆಂಬ ಮಾತಿನ ಬೆನ್ನಿಗಿದೆ. ಓದಿದ ಬಹುಪಾಲು ಮಂದಿ ಬದುಕಿರುವಾಗ ಅದು ಈಡೇರುವಂಥದ್ದಲ್ಲ. ಆ ಭಾರ ಗೊತ್ತಾದ ಮೇಲೆ ವಚನ ಇನ್ನೂ ಗಟ್ಟಿಯಾಗುತ್ತದೆ. ವಚನಗಳ ಅಂಕಿ ಮೂಲ ಬರಹಗಾರರದ್ದಲ್ಲ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಬಂದದ್ದು 1551ರಲ್ಲಿ, ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕನಿಂದ. ಆಪ್ ಕೇಳಲು, ಹುಡುಕಲು, ಅನುವಾದ ಹೋಲಿಸಲು ಚೆನ್ನ. ಓದಲು ಕಾಗದವೇ ಮೇಲು, ಹಿಂದೆಮುಂದೆ ಏನಿದೆ ಎಂದು ಕಣ್ಣಿಗೆ ಕಾಣುತ್ತದೆ.

ಮಾರ್ಕನ ನಂತರ

ಆದಿಕಾಂಡ 1–4, 12–22, 37–50, ವಿಮೋಚನಕಾಂಡ 1–20, ಆಮೇಲೆ ಲೂಕ, ಅದರ ಬೆನ್ನಿಗೇ ಅಪೊಸ್ತಲರ ಕೃತ್ಯಗಳು. ಈ ಎರಡನ್ನೂ ಥೆಯೊಫಿಲನೆಂಬ ಒಬ್ಬನಿಗೇ ಬರೆದದ್ದು, ಒಂದು ಕಥೆಯ ಎರಡು ಭಾಗ. ಮಾರ್ಕನ ಹದಿನಾರೂ ಸೇರಿ ಇದು 117 ಅಧ್ಯಾಯ. ಆದಿಕಾಂಡದಿಂದ ಯಾಜಕಕಾಂಡದ ಕೊನೆಯವರೆಗೂ ಸರಿಯಾಗಿ 117 ಅಧ್ಯಾಯಗಳೇ. ದಿನಕ್ಕೆ ಎರಡರಂತೆ ಎರಡೂ ಎರಡು ತಿಂಗಳ ಓದು. ನೇರ ದಾರಿ ನಿಮ್ಮನ್ನು ಸೀನಾಯಿ ಬೆಟ್ಟದ ಬುಡದಲ್ಲಿ ನಿಲ್ಲಿಸುತ್ತದೆ. ಈ ದಾರಿಯಲ್ಲಿ ಅಬ್ರಹಾಮ, ಮೋಶೆ, ಯೇಸು ಮೂವರನ್ನೂ ಕಂಡು ಅಪೊಸ್ತಲ ಪೌಲನ ಜೊತೆ ರೋಮಾಪುರಕ್ಕೆ ಬಂದಿರುತ್ತೀರಿ.

ಪ್ರವಾದಿಗಳ ಪುಸ್ತಕ ಹಿಡಿಯುವ ಮೊದಲು ಮೂರು ಇಸವಿ ಬರೆದಿಟ್ಟುಕೊಳ್ಳಿ: ಕ್ರಿ.ಪೂ. 722 ಉತ್ತರ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಅಶ್ಶೂರರ ಪಾಲಾಯಿತು, 586 ಜೆರುಸಲೇಮ್ ಬಾಬೆಲಿನವರ ಪಾಲಾಯಿತು, 538 ಪರ್ಷಿಯದ ರಾಜ ಕೋರೆಷನ (ಸೈರಸ್) ಅಪ್ಪಣೆಯಿಂದ ಸೆರೆಯವರ ಮರಳುವಿಕೆ. ಯಾವ ಪ್ರವಾದಿ ಇದರ ಯಾವ ಪಕ್ಕದವನು ಎಂದು ಗೊತ್ತಾದರೆ ಅರ್ಧ ತೊಡಕು ತೀರಿತು. ಆಮೋಸ ಒಂಬತ್ತೇ ಅಧ್ಯಾಯ, ಮೊದಲು ಅವನನ್ನೇ ಓದಿ. ಅವನು 722ಕ್ಕೂ ಹಿಂದಿನವನು. ಪೌಲನ ಪತ್ರಗಳು ಬರೆದ ಕಾಲದ ಕ್ರಮದಲ್ಲಿಲ್ಲ, ಸುಮಾರಾಗಿ ಉದ್ದದ ಕ್ರಮದಲ್ಲಿವೆ. ಮೊದಲಿದೆ ಎಂದು ರೋಮಾಪುರದವರಿಗೆ ಬರೆದದ್ದನ್ನೇ ಹಿಡಿಯಬೇಡಿ. ನಾಲ್ಕು ಅಧ್ಯಾಯದ ಫಿಲಿಪ್ಪಿಯವರಿಗೆ ಬರೆದದ್ದು ಮುಂದಿರಲಿ. ರೋಮಾಕ್ಕೆ ಬಂದಾಗ ಜೆ.ವಿ.ಯ ‘ನೀತಿ’ ಎಂಬ ಪದಕ್ಕೆ ಸದಾಚಾರ ಎಂಬ ಶಾಲೆಯ ಅರ್ಥ ಹಚ್ಚಬೇಡಿ. ದೇವರ ಮುಂದೆ ಸರಿಯೆನಿಸಿಕೊಳ್ಳುವ ಸ್ಥಿತಿ ಎಂದು ಓದಿದರೆ ಪೌಲನ ವಾದದ ಎಳೆ ಸಿಗುತ್ತದೆ.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಓದಿನಲ್ಲೂ ಕೊನೆಗಿಡಿ. ಅದರ ಮೃಗಗಳು, ಕೊಂಬುಗಳು, ಸಿಂಹಾಸನ ಮುಂತಾದ ಚಿತ್ರಗಳು ಹೆಚ್ಚಾಗಿ ದಾನಿಯೇಲ, ಯೆಹೆಜ್ಕೇಲ, ಜೆಕರ್ಯರಿಂದ ಬಂದವು. ದಾನಿಯೇಲ 7ನ್ನು ಓದಿಕೊಂಡು ಪ್ರಕಟನೆ 13ನ್ನು ತೆರೆಯಿರಿ. ಸಿಂಹ, ಕರಡಿ, ಚಿರತೆ ಮೂರೂ ಒಂದೇ ಮೃಗದ ಮೈಯಲ್ಲಿ ಮತ್ತೆ ಕಾಣಿಸುತ್ತವೆ.