ಫ್ಲೈ ರಾಡ್ ಸೆಟ್: ರಾಡ್ ಓಕೆ, ಲೈನ್ ಬೇಡ

ಫ್ಲೈ ಫಿಶಿಂಗ್‌ಗೆ, ಅಂದರೆ ಹುಳುವಿನ ಹಾಗೆ ಕಾಣುವ ನಕಲಿ ನೊಣ ಕಟ್ಟಿದ ಕೊಕ್ಕೆಯಿಂದ ಮೀನು ಹಿಡಿಯೋಕೆ, ಮೈಸೂರಿನ ಒಂದು ಅಂಗಡಿಯಲ್ಲಿ ಹೇಳಿ ತರಿಸಿದ 9 ಅಡಿಯ ಸಿಕ್ಸ್ ವೆಯ್ಟ್ (ಲೈನಿನ ಭಾರದ ಅಳತೆ) ಸೆಟ್ ಇದು. ರಾಡ್, ರೀಲ್, ಲೈನ್ ಮೂರೂ ಒಟ್ಟಿಗೆ ಬರುತ್ತವೆ. ನನಗೆ ಬೇಕಿದ್ದುದು ಟ್ರೌಟ್ ಹಿಡಿಯೋಕೆ. ಅದು ತಣ್ಣೀರಿನ ಮೀನು, ಕೆಆರ್‌ಎಸ್ ಹಿನ್ನೀರಲ್ಲಿ ಹುಡುಕಿದರೆ ಸುಮ್ನೆ ಟೈಮ್ ವೇಸ್ಟ್. ನಾನು ತಗೊಂಡಿದ್ದು ಕೆನಡಾದಲ್ಲಿರುವ ಅಣ್ಣನ ಜೊತೆ ಮೇ ಕೊನೆಯಲ್ಲಿ ಅಲ್ಲಿನ ದೊಡ್ಡ ಸರೋವರಕ್ಕೆ ಹೋಗೋಕೆ.

ರಾಡ್ ನಿಜಕ್ಕೂ ಚೆನ್ನಾಗಿದೆ. ಮಾಮೂಲಿ ಗಾಳದಲ್ಲಿ ತುದಿಗೆ ಕಟ್ಟಿದ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ, ಇಲ್ಲಿ ದಪ್ಪ ಲೈನಿನ ಭಾರವೇ ಗರಿಯಷ್ಟು ಹಗುರ ಇರುವ ನೊಣವನ್ನು ಹೊತ್ತೊಯ್ಯಬೇಕು, ಹಾಗಾಗಿ ಹಿಂದಕ್ಕೆ ಬೀಸಿದ ಮೇಲೆ ಲೈನ್ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಒಂದು ಕ್ಷಣ ಕಾಯಬೇಕು. ಊರಲ್ಲಿ ಮೈದಾನದಲ್ಲೇ ಇದನ್ನು ಕಲಿತೆ, ಕೊಕ್ಕೆ ಬದಲು ಕೆಂಪು ಉಲ್ಲನ್ ಚೂರು ಕಟ್ಟಿಕೊಂಡು. ಕ್ರಿಕೆಟ್ ಹುಡುಗರು ಆಟ ಬಿಟ್ಟು ನೋಡುತ್ತಾ ನಿಂತಿದ್ದರು!

ತೊಂದರೆ ಇರುವುದು ಲೈನಿನದು. ಕೊಟ್ಟಿರುವುದು ತೇಲುವ ಲೈನ್ ಮಾತ್ರ. ಮೇ ಕೊನೆಯಲ್ಲಿ ಆ ಸರೋವರದ ತಳದ ಕೆಸರಿನಿಂದ ಮೇಲೇಳುವ ಸಣ್ಣ ಹುಳುಗಳನ್ನು ಟ್ರೌಟ್ ತಳದ ಹತ್ತಿರವೇ ತಿನ್ನುತ್ತಿರುತ್ತದೆ. ಬಿಸಿಲು ಏರಿ ಮೇಲಿನ ನೀರು ಬೆಚ್ಚಗಾದರೆ ಇನ್ನೂ ಆಳ ಇರುವ ಕಡೆ ಹೋಗುತ್ತದೆ. ಅಲ್ಲಿಗೆ ನೊಣ ಮುಟ್ಟಿಸೋಕೆ ಮುಳುಗುವ ಲೈನ್ ಇದ್ದರೆ ಸುಲಭ, ಅಲ್ವಾ? ಅಂಗಡಿಯವರನ್ನು ಕೇಳಿದರೆ "ಎಲ್ಲಾ ಒಂದೇ ಸಾರ್" ಅಂದರು. ಒಂದೇ ಅಲ್ಲ. ಕೊನೆಗೆ ಅಣ್ಣನ ಲೈನ್ ಹಾಕಿಕೊಂಡ ಮೇಲೆಯೇ ರೇನ್‌ಬೋ ಟ್ರೌಟ್ ಕಚ್ಚಿದ್ದು.

ರೀಲ್ ಪರವಾಗಿಲ್ಲ, ಸ್ವಲ್ಪ ಸದ್ದು ಜಾಸ್ತಿ. ರಾಡ್ ಮಾತ್ರ ಬಿಡಿಯಾಗಿ ಕೊಡುತ್ತಾರಾ ಕೇಳಿ ನೋಡಿ, ಲೈನ್ ಬೇರೆ ಕಡೆ ತಗೊಳ್ಳಿ.