ಒಂದೇ ಒತ್ತಿಗೆ ಎರಡು ಜಿಗಿತ: ಮೂರು ಪರಿಹಾರಗಳ ಹೋಲಿಕೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ 6 ಮಿಲಿಮೀಟರ್ ಟ್ಯಾಕ್ಟ್ ಸ್ವಿಚ್‌ಗಳನ್ನು (ಪುಟ್ಟ ಒತ್ತುಗುಂಡಿಗಳನ್ನು) ಪ್ರೊ ಮೈಕ್ರೋ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಬೆಸೆದು ಕಟ್ಟಿದ ನನ್ನ ಗೇಮ್ ಕಂಟ್ರೋಲರ್‌ನಲ್ಲಿ, ಜಂಪ್ ಬಟನ್ ಒಮ್ಮೆ ಒತ್ತಿದರೆ ಆಟದ ಪಾತ್ರ ಎರಡು ಸಲ ಜಿಗಿಯುತ್ತಿತ್ತು. ಸ್ವಿಚ್ಚಿನೊಳಗಿನ ಲೋಹದ ತಗಡು ಕೂಡುವಾಗ ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ಬೋರ್ಡ್ ಪ್ರತಿಯೊಂದು ಪುಟಿತವನ್ನೂ ಹೊಸ ಒತ್ತೆಂದು ಎಣಿಸುತ್ತದೆ. ಇದನ್ನು ತಡೆಯುವ ಮೂರು ಡಿಬೌನ್ಸ್ ವಿಧಾನಗಳನ್ನು ಅದೇ ಕಂಟ್ರೋಲರ್‌ನಲ್ಲಿ ಪರೀಕ್ಷಿಸಿದೆ.

ಬಟನ್ ಮುಟ್ಟದಿದ್ದರೂ ಒತ್ತಿದಂತೆ ತೋರಿದರೆ ಅದು ಪುಟಿತವಲ್ಲ, ಪುಲ್‌ಅಪ್ (ಒತ್ತದಿದ್ದಾಗ ಪಿನ್ನನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಹಿಡಿದಿಡುವ ರೆಸಿಸ್ಟರ್) ಇಲ್ಲದ ಪಿನ್ನಿನ ತೊಂದರೆ. ಕೋಡಿನಲ್ಲಿ ಇನ್‌ಪುಟ್ ಪುಲ್‌ಅಪ್ ಆಯ್ದುಕೊಂಡರೆ ಚಿಪ್ಪಿನೊಳಗಿನ 20ರಿಂದ 50 ಕಿಲೋಓಮ್ ರೆಸಿಸ್ಟರ್ ಪಿನ್ನಿಗೆ ಸೇರಿಕೊಳ್ಳುತ್ತದೆ. ಸದಾ ಒತ್ತಿದಂತೆಯೇ ಉಳಿದರೆ ಸ್ವಿಚ್ಚಿನ ಕಾಲುಗಳನ್ನು ಮಲ್ಟಿಮೀಟರಿನಲ್ಲಿ ಪರೀಕ್ಷಿಸಬೇಕು. ನಾಲ್ಕು ಕಾಲುಗಳಲ್ಲಿ ಎರಡೆರಡು ಒಳಗೇ ಕೂಡಿಕೊಂಡಿರುವುದರಿಂದ, ಕೂಡಿದ ಜೋಡಿಗೇ ತಂತಿ ಬೆಸೆದಿದ್ದರೆ ಒತ್ತದೆಯೂ ಬೀಪ್ ಕೇಳಿಸುತ್ತದೆ.

ಮೂರು ವಿಧಾನಗಳಲ್ಲಿ ಮೊದಲನೆಯದು, ಒತ್ತು ಕಂಡೊಡನೆ ಕೋಡಿನಲ್ಲಿ ಡಿಲೇ (ಕಾಯುವ ಆದೇಶ) ಹಾಕಿ 20 ಮಿಲಿಸೆಕೆಂಡು ಕಾಯುವುದು. ಇದು ಎಲ್ಲಕ್ಕಿಂತ ಸುಲಭ. ಜೋಡಿ ಜಿಗಿತವೇನೋ ನಿಂತಿತು, ಆದರೆ ಆ ಅವಧಿಯಲ್ಲಿ ಬೋರ್ಡ್ ಬೇರಾವ ಬಟನ್ನನ್ನೂ ಗಮನಿಸುವುದಿಲ್ಲ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡು, ಜಿಗಿಯುತ್ತಲೇ ಹೊಡೆಯಲು ಹೋದರೆ ಎರಡನೆಯ ಒತ್ತು ಒಂದು ಫ್ರೇಮಿಗೂ ಹೆಚ್ಚು ತಡವಾಗಬಹುದು. ಇದನ್ನು ನಾನು ಯಾರಿಗೂ ಸೂಚಿಸಲಾರೆ.

ಎರಡನೆಯದು, ಸ್ವಿಚ್ಚಿಗೆ ಅಡ್ಡಲಾಗಿ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆಯುವುದು. ಒತ್ತಿದಾಗ ಅದು ಸ್ವಿಚ್ಚಿನ ಮೂಲಕ ತಕ್ಷಣ ಬರಿದಾಗುವುದರಿಂದ ಜಿಗಿತಕ್ಕೆ ತಡವಿಲ್ಲ. ಬಿಟ್ಟಾಗ ಮಾತ್ರ ಪುಲ್‌ಅಪ್ ಮೂಲಕ ನಿಧಾನವಾಗಿ ತುಂಬಿಕೊಳ್ಳುತ್ತದೆ. ಹೊರಗಿನ 10 ಕಿಲೋಓಮ್ ರೆಸಿಸ್ಟರ್ ಇದ್ದರೆ ಕಾಲಾಂಕ (ತುಂಬಿಕೊಳ್ಳುವ ವೇಗವನ್ನು ಸೂಚಿಸುವ ಸಮಯ) 1 ಮಿಲಿಸೆಕೆಂಡು, ಚಿಪ್ಪಿನೊಳಗಿನದನ್ನೇ ನಂಬಿದರೆ 2ರಿಂದ 5. ಬರಿದಾಗುವ ಕ್ಷಣದ ವಿದ್ಯುತ್ ಹೊಡೆತ ಸಂಪರ್ಕದ ತಗಡನ್ನು ಸವೆಸದಂತೆ, ಸ್ವಿಚ್ಚಿನ ಸರಣಿಯಲ್ಲಿ 100 ಓಮ್ ಸೇರಿಸುವುದು ಒಳ್ಳೆಯದು. ಬಟನ್ನು ಬಟನ್ನಿಗೂ ಹೀಗೆ ಬೆಸೆಯುವ ಶ್ರಮವೇ ಇದರ ದೊಡ್ಡ ಕೊರತೆ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಬೆಸುಗೆ ಕಡ್ಡಿಯ ಕಾದ ಮೊನೆ ಪಕ್ಕದ ತಂತಿಯ ಹೊದಿಕೆಯನ್ನು ಕರಗಿಸದಂತೆ ಕೈ ನಡೆಸುವುದು ತಾಳ್ಮೆಯ ಕೆಲಸ.

ಮೂರನೆಯ ವಿಧಾನ ನನಗೆ ಅತ್ಯಂತ ಮೆಚ್ಚುಗೆಯಾಯಿತು. ಪ್ರತಿ ಬಟನ್ನಿಗೂ ಪ್ರತ್ಯೇಕ ಸಮಯ ಬರೆದಿಟ್ಟುಕೊಂಡು, ಮೊದಲ ಬದಲಾವಣೆಯನ್ನು ಕೂಡಲೇ ಕಂಪ್ಯೂಟರಿಗೆ ಕಳುಹಿಸಿ, ಮುಂದಿನ 5 ಮಿಲಿಸೆಕೆಂಡು ಆ ಬಟನ್ನಿನ ಏರಿಳಿತವನ್ನು ಮಾತ್ರ ಕಡೆಗಣಿಸಬೇಕು. ತಡವಿಲ್ಲ, ಬೇರೆ ಬಟನ್‌ಗಳಿಗೆ ಅಡ್ಡಿಯಿಲ್ಲ, ಬಿಡಿಭಾಗದ ಖರ್ಚೂ ಇಲ್ಲ. ಬೆರಳು ಎಷ್ಟೇ ವೇಗವಾಗಿ ಬಡಿದರೂ ಎರಡು ಒತ್ತುಗಳ ನಡುವೆ ಇದಕ್ಕಿಂತ ಬಹಳ ಹೆಚ್ಚು ಅಂತರವಿರುತ್ತದೆ. ಸ್ವಿಚ್ ಹಳೆಯದಾಗಿ ಹೆಚ್ಚು ಪುಟಿಯತೊಡಗಿದರೆ ಸಂಖ್ಯೆಯನ್ನು 10ಕ್ಕೆ ಏರಿಸಿದರಾಯಿತು. ಆದರೆ ಮೊದಲ ಮಿಡಿತವನ್ನೇ ನಂಬುವ ಈ ಕೋಡ್, ತಂತಿಗೆ ತಾಗಿದ ಕ್ಷಣಿಕ ವಿದ್ಯುತ್ ಗದ್ದಲವನ್ನೂ ಒತ್ತೆಂದೇ ತಿಳಿಯುತ್ತದೆ. ಆದ್ದರಿಂದ ಬೋರ್ಡಿನ ಪಕ್ಕದಲ್ಲೇ ಇರುವ ಬಟನ್‌ಗಳಿಗೆ ಕೋಡನ್ನಷ್ಟೇ ಉಳಿಸಿ, ಉದ್ದ ತಂತಿಯ ಎರಡು ಭುಜದ (ಕಂಟ್ರೋಲರಿನ ಮೇಲಂಚಿನ) ಬಟನ್‌ಗಳಿಗೆ ಕೆಪಾಸಿಟರನ್ನೂ ಸೇರಿಸಿದ್ದೇನೆ.