ನಿಲ್ದಾಣಗಳ ನಡುವಿನ ಆಕಾಶ: ಪೈಲಟ್‌ಗಳಿಗಾಗಿ ಚಿತ್ರರೂಪದ ಹವಾಮಾನ ಮುನ್ಸೂಚನೆ

ಸಣ್ಣ ವಿಮಾನ ಹಾರಿಸುವವರಿಗೆ ಹೊರಡುವ ಮತ್ತು ಇಳಿಯುವ ನಿಲ್ದಾಣಗಳ ಹವಾಮಾನವನ್ನು ತಿಳಿಯುವುದು ಕಷ್ಟವಲ್ಲ; ಅವೆರಡರ ನಡುವಿನ ಬೆಟ್ಟ ಕಣಿವೆಗಳ ಮೇಲೆ ಏನಿದೆ ಎಂಬುದೇ ಚಿಂತೆ. ನಿಲ್ದಾಣದ ಮುನ್ಸೂಚನೆಯಾದ ಟ್ಯಾಫ್ ಅದರ ಸುತ್ತಲಿನ ಐದು ಮೈಲಿಗಷ್ಟೇ ಅನ್ವಯಿಸುತ್ತದೆ. ಅಮೆರಿಕದ ಕಾನ್ಸಾಸ್ ಸಿಟಿಯ ಏವಿಯೇಷನ್ ವೆದರ್ ಸೆಂಟರ್ ತನ್ನ ಜಾಲತಾಣದಲ್ಲಿ ಉಚಿತವಾಗಿ ಒದಗಿಸುವ ಜಿಎಫ್‌ಎ (ಗ್ರಾಫಿಕಲ್ ಫೋರ್‌ಕಾಸ್ಟ್ಸ್ ಫಾರ್ ಏವಿಯೇಷನ್) ನಕ್ಷೆಗಳು ಆ ನಡುವಿನ ಆಕಾಶವನ್ನು ತೋರಿಸುತ್ತವೆ. ಸಂಕ್ಷೇಪಾಕ್ಷರಗಳಿಂದ ಕಿಕ್ಕಿರಿದಿದ್ದ ಹಳೆಯ ಪಠ್ಯರೂಪದ ಪ್ರದೇಶ ಮುನ್ಸೂಚನೆಯ ಜಾಗಕ್ಕೆ, ಆ ದೇಶದ ಮುಖ್ಯ ಭೂಭಾಗದಲ್ಲಿ, ಇವು 2017ರ ಅಕ್ಟೋಬರ್‌ನಲ್ಲಿ ಬಂದವು.

ಕ್ಯಾಲಿಫೋರ್ನಿಯಾದಲ್ಲಿ ಹಾರಾಟ ಕಲಿಯತೊಡಗಿದಂದಿನಿಂದ ನಾನು ಇವನ್ನು ನೋಡದೆ ಹೊರಟಿಲ್ಲ. ಸಮಯದ ಪಟ್ಟಿಯನ್ನು ಎಳೆಯುತ್ತ ಹೋದರೆ ಮುಂದಿನ 18 ಗಂಟೆಗಳವರೆಗಿನ ಮೋಡ, ಮಳೆ, ಗಾಳಿ ಕಣ್ಣೆದುರು ಸರಿಯುತ್ತವೆ. ಹಸಿರು ಬಣ್ಣವಿದ್ದರೆ ಹೊರಗೆ ಕಣ್ಣಿಗೆ ಕಾಣುವುದನ್ನೇ ನಂಬಿ ನಡೆಸುವ ಹಾರಾಟಕ್ಕೆ ಅನುಕೂಲ, ನೀಲಿಯಾದರೆ ಎಚ್ಚರ, ಕೆಂಪು ಮತ್ತು ನೇರಳೆಗೆಂಪು ನನ್ನಂಥವರು ನೆಲದಲ್ಲೇ ಉಳಿಯಬೇಕಾದ ಬಣ್ಣಗಳು. ಬೇಸಿಗೆಯ ಬೆಳಗ್ಗೆ ಕರಾವಳಿಯ ಮೇಲೆ ಹಾಸಿಕೊಂಡ ಕಡಲ ಮೋಡ ಬಿಸಿಲೇರಿದಂತೆ ಕರಗುವ ಬಗೆಯನ್ನು ಈ ಬಣ್ಣಗಳಲ್ಲಿ ನೋಡಿದಷ್ಟು ಸ್ಪಷ್ಟವಾಗಿ ಪಠ್ಯದಿಂದ ನಾನು ಎಂದೂ ಗ್ರಹಿಸಿರಲಿಲ್ಲ.

ಆದರೆ ಎತ್ತರದ ಅಂಕಿಗಳನ್ನು ಓದುವಾಗ ಬಹಳ ಜಾಗ್ರತೆ ಬೇಕು. ಮೋಡಗಳ ನಕ್ಷೆಯಲ್ಲಿ ಮೋಡದ ತಳ ಮತ್ತು ತುದಿಯನ್ನು ಸಮುದ್ರಮಟ್ಟದಿಂದ ಅಳೆದು ಕೊಡಲಾಗುತ್ತದೆ. ನಿಲ್ದಾಣದ ಆ ಹೊತ್ತಿನ ಹವಾಮಾನ ತಿಳಿಸುವ ಮೆಟಾರ್, ಟ್ಯಾಫ್ ಮತ್ತು ಆಕಾಶದ ಬಹುಭಾಗ ಮುಚ್ಚಿದ ಅತಿ ಕೆಳಗಿನ ಮೋಡಪದರದ ಎತ್ತರ ತೋರಿಸುವ ಸೀಲಿಂಗ್ ನಕ್ಷೆಗಳಲ್ಲಿ ನೆಲದಿಂದ. ತಾಹೋ ಸರೋವರದ ಬಳಿಯ ಟ್ರಕಿ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 5,900 ಅಡಿ ಎತ್ತರದಲ್ಲಿದೆ. ಅಲ್ಲಿ ಆಕಾಶ ತುಂಬಿದ ಮೋಡದ ತಳ 8,000 ಅಡಿ ಎಂದು ನಕ್ಷೆ ಹೇಳಿದರೆ, ರನ್‌ವೇಯ ಮೇಲೆ ಉಳಿಯುವುದು 2,100 ಅಡಿ ಮಾತ್ರ, ಅಂದರೆ ನೀಲಿ ವರ್ಗ. ಸುತ್ತಲಿನ ಶಿಖರಗಳಾದರೋ ಆ ಮೋಡದೊಳಗೇ ಇರುತ್ತವೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ಹಾರಾಟ ಕಲಿಯುವವರಿಗೂ ಈ ಕಳೆಯುವ ಲೆಕ್ಕ ಹೊಸದಾಗಿರಲಾರದು.

ಗಾಳಿ, ಕುಲುಕಾಟ ಮತ್ತು ರೆಕ್ಕೆಗೆ ಹಿಮ ಕಟ್ಟುವ ಸಾಧ್ಯತೆಯನ್ನು 30,000 ಅಡಿಯವರೆಗೆ 3,000 ಅಡಿಗೊಂದು ಪದರದಂತೆ ನೋಡಬಹುದು. ಗಾಳಿಯ ವೇಗ ಸೂಚಿಸುವ ಬಾಣದಲ್ಲಿ ಗಿಡ್ಡ ಗೆರೆಗೆ 5 ನಾಟ್ (ಗಂಟೆಗೆ ನಾಟಿಕಲ್ ಮೈಲಿ), ಉದ್ದ ಗೆರೆಗೆ 10, ತ್ರಿಕೋನಕ್ಕೆ 50. ಅಪಾಯದ ವಲಯಗಳನ್ನು ಸೂಚಿಸುವ ಜಿ-ಏರ್‌ಮೆಟ್ ಮಾತ್ರ ಮೂರು ಗಂಟೆಗೊಮ್ಮೆ ತೆಗೆದ ಚಿತ್ರದಂತಿರುವುದರಿಂದ, ನಡುವಿನ ಹೊತ್ತಿನಲ್ಲಿ ಹಾರುವವರು ಹಿಂದಿನ ಮತ್ತು ಮುಂದಿನ ಎರಡೂ ಚಿತ್ರಗಳನ್ನು ಹೋಲಿಸಿ, ವಲಯವು ಯಾವ ಕಡೆ ಸರಿಯುತ್ತಿದೆ ಎಂಬುದನ್ನು ತಾವೇ ಅಂದಾಜಿಸಬೇಕು.

ಅಂತರ್ಜಾಲ ನಿಧಾನವಿರುವ ಮಲೆಪ್ರದೇಶದ ನಿಲ್ದಾಣಗಳಿಗೆ ಹೋಗುವಾಗ ಅದೇ ತಾಣದ ಸ್ಥಿರ ಚಿತ್ರಗಳನ್ನು ಹಿಂದಿನ ರಾತ್ರಿ ನೋಡಿ, ಹೊರಡುವ ಮುನ್ನ ಹೊಸದನ್ನು ಮುದ್ರಿಸಿಕೊಂಡು, ಮಂಡಿಹಲಗೆಗೆ ಸಿಕ್ಕಿಸಿಕೊಳ್ಳುವುದು ನನ್ನ ರೂಢಿ.